ನಾಯಿಗೂ ಹೊಟ್ಟೆಕಿಚ್ಚು: ಹೊಲ ಕಾಯುವ ನಾಯಿಗಳ ಜಗಳ ತಪ್ಪಿಸೋದು ಹೆಂಗ?

ಎರಡು ನಾಯಿ ಸಾಕಿದವರಿಗೆಲ್ಲ ಗೊತ್ತಿರುವ ಮಾತು ಇದು. ಒಂದರ ತಲೆ ಮೇಲೆ ಕೈ ಇಟ್ಟರೆ ಸಾಕು, ಇನ್ನೊಂದು ಎಲ್ಲಿದ್ದರೂ ಓಡಿ ಬಂದು ನಡುವೆ ಮೂತಿ ತೂರಿಸುತ್ತದೆ. ಕೈಯನ್ನು ಮೂಗಿನಿಂದ ಎತ್ತಿ ತನ್ನ ತಲೆ ಮೇಲೆ ಹಾಕಿಕೊಳ್ಳುತ್ತದೆ. ಅದಕ್ಕೂ ಕೇಳದಿದ್ದರೆ ಗುರ್ ಅನ್ನುತ್ತದೆ. ನೋಡಿದವರು ನಗುತ್ತಾರೆ. ‘ಸವತಿ ಮತ್ಸರ’ ಅಂತ ಚೇಷ್ಟೆ ಮಾಡುತ್ತಾರೆ.

ಆದರೆ ನಮ್ಮಂಥ ಬೆದ್ದಲು ಭೂಮಿಯವರಿಗೆ ಇದು ಬರೇ ನಗುವ ಮಾತಲ್ಲ. ಹಳೇ ಹುಬ್ಬಳ್ಳಿಯಿಂದ ಕಾರವಾರ ರಸ್ತೆ ಹಿಡಿದು ಹೋದರೆ ನಮ್ಮ ಹೊಲ. ಶೇಂಗಾ ಕಾಯಿ ಕಟ್ಟಿದಾಗ ಹಂದಿ, ಗೋವಿನಜೋಳ ತೆನಿ ಬಿಟ್ಟಾಗ ಮಂಗ್ಯಾ, ರಾಶಿ ಆದ ಮೇಲೆ ಕಣಕ್ಕೆ ಕಳ್ಳರ ಅಂಜಿಕೆ. ಬೇಲಿ ಹಾಕಿಸುವ ಶಕ್ತಿ ಇಲ್ಲದವನಿಗೆ ನಾಯಿಯೇ ಬೇಲಿ. ಒಂದು ನಾಯಿ ಹಂದಿಯ ಮುಂದೆ ನಿಲ್ಲೋದಿಲ್ಲ, ಎರಡಿದ್ದರೆ ಒಂದಕ್ಕೊಂದು ಧೈರ್ಯ. ಆ ಎರಡೂ ತಮ್ಮತಮ್ಮೊಳಗೆ ಕಚ್ಚಾಡಿದರೆ ಹೊಲ ಕಾಯುವವರು ಯಾರು?

ನಮ್ಮ ಪಕ್ಕದ ಹೊಲದ ರೈತರೊಬ್ಬರು ತಮ್ಮ ಎರಡು ನಾಯಿ ಬಿಡಿಸಲು ಹೋಗಿ ಬಲಗೈ ಹೆಬ್ಬೆರಳ ಬುಡಕ್ಕೆ ಕಡಿಸಿಕೊಂಡರು. ರೋಹಿಣಿ ಮಳಿ ಆಗಿ ಹೊಲ ಹದಕ್ಕೆ ಬಂದಿತ್ತು. ಕೂರಿಗಿ ಹಿಡಿಯಲು ಕೈ ಬರಲಿಲ್ಲ. ಬಾಡಿಗೆ ಟ್ರ್ಯಾಕ್ಟರ್ ಪಾಳಿ ಬರುವಷ್ಟರಲ್ಲಿ ಹದ ಹೋಗಿತ್ತು. ಜಗಳ ಶುರುವಾಗಿದ್ದು ಒಂದು ಕೋಳಿ ಎಲುಬಿಗೆ.

ಇಂಥಾ ಜಗಳ ಏಕಾಏಕಿ ಬೀಳೋದಿಲ್ಲ. ಬೀಳುವ ಮೊದಲೇ ನಾಯಿ ನಮಗೆ ಹೇಳುತ್ತದೆ. ಅದನ್ನು ಓದಲು ಕಲಿತರೆ ಮುಕ್ಕಾಲು ಜಗಳ ತಪ್ಪುತ್ತವೆ.

ಇದು ಖರೇ ಹೊಟ್ಟೆಕಿಚ್ಚೇ?

‘ನಾಯಿಗೆ ಎಲ್ಲಿಯ ಹೊಟ್ಟೆಕಿಚ್ಚು, ಅದು ಮನುಷ್ಯರ ಗುಣ’ ಅಂತ ಹೇಳುವವರಿದ್ದಾರೆ. ಇದನ್ನು ಪರೀಕ್ಷೆ ಮಾಡಿ ನೋಡಿದವರೂ ಇದ್ದಾರೆ. ಮಗಳು ಓದಿ ಹೇಳಿದ್ದನ್ನು ನನಗೆ ತಿಳಿದಂತೆ ಬರೆಯುತ್ತೇನೆ.

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಕ್ರಿಸ್ಟೀನ್ ಹ್ಯಾರಿಸ್ ಅನ್ನುವ ವಿಜ್ಞಾನಿ ಮತ್ತು ಅವರ ಜೊತೆಗಾರ್ತಿ 2014ರಲ್ಲಿ 36 ನಾಯಿಗಳ ಮೇಲೆ ಮಾಡಿದ ಪರೀಕ್ಷೆ ಪ್ರಕಟವಾಯಿತು. ಸಾಕಿದವರು ತಮ್ಮ ನಾಯಿಯ ಕಡೆ ನೋಡದೆ ಮೂರು ವಸ್ತುಗಳನ್ನು ಒಂದೊಂದಾಗಿ ಮುದ್ದು ಮಾಡಬೇಕು. ಒಂದು, ಬೊಗಳುವ, ಬಾಲ ಆಡಿಸುವ ಬೊಂಬೆ ನಾಯಿ. ಎರಡು, ಪ್ಲಾಸ್ಟಿಕ್ ಬಕೆಟ್. ಮೂರು, ಓದುವ ಪುಸ್ತಕ. ಬೊಂಬೆ ನಾಯಿಯನ್ನು ಮುದ್ದು ಮಾಡಿದಾಗ ನೂರಕ್ಕೆ 78 ನಾಯಿಗಳು ಯಜಮಾನರನ್ನು ಮೂತಿಯಿಂದಲೋ ಕಾಲಿನಿಂದಲೋ ದೂಡಿದವು. ಬಕೆಟ್ಟಿಗೆ ಹಂಗ ಮಾಡಿದ್ದು 42, ಪುಸ್ತಕಕ್ಕೆ 22. ನಾಲ್ಕರಲ್ಲಿ ಒಂದು ನಾಯಿ ಆ ಬೊಂಬೆಗೆ ಬಾಯಿ ಹಾಕಿತು.

2021ರಲ್ಲಿ ನ್ಯೂಜಿಲೆಂಡಿನವರು 18 ನಾಯಿಗಳ ಮೇಲೆ ಇನ್ನೊಂದು ಪರೀಕ್ಷೆ ಮಾಡಿದರು. ಯಜಮಾನ ಬೊಂಬೆ ನಾಯಿಯನ್ನು ಸವರುವುದು ಮರೆಯಲ್ಲಿ, ಕಣ್ಣಿಗೆ ಕಾಣಿಸದಂತೆ. ಆದರೂ ನಾಯಿಗಳು ಹಗ್ಗ ಜಗ್ಗಿದವು. ಅಂದರೆ ಕಣ್ಣಿಗೆ ಕಾಣದಿದ್ದರೂ ‘ಅಲ್ಲಿ ಇನ್ನೊಂದಕ್ಕೆ ಸಿಗಾಕತ್ತೈತಿ’ ಅಂತ ಅವಕ್ಕೆ ತಿಳಿಯುತ್ತದೆ.

ಇದನ್ನು ಹೊಟ್ಟೆಕಿಚ್ಚು ಅನ್ನಬೇಕೋ, ತನ್ನದನ್ನು ಕಾಯ್ದುಕೊಳ್ಳುವ ಗುಣ ಅನ್ನಬೇಕೋ ಅಂತ ಪಂಡಿತರು ಇನ್ನೂ ವಾದ ಮಾಡುತ್ತಾರೆ. ಹೆಸರು ಏನಾದರೂ ಇರಲಿ. ನಮಗೆ ಬೇಕಾದ್ದು ಇಷ್ಟೇ: ನಾಯಿ ಹಂಚಿಕೆಯನ್ನು ನೋಡುತ್ತಿರುತ್ತದೆ. ನಾವು ಹಂಚುವ ರೀತಿಯಲ್ಲೇ ಜಗಳವೂ ಇದೆ, ಮದ್ದೂ ಇದೆ.

ಯಾವುದಕ್ಕೆ ಕಿಚ್ಚು?

ನಾನು ನೋಡಿದಂತೆ ನಾಲ್ಕು ಕಾರಣ.

1. ತುತ್ತು: ರೊಟ್ಟಿ, ಎಲುಬು, ಹಿತ್ತಲಲ್ಲಿ ಸಿಕ್ಕ ಹೊಲಸು ಕೂಡ.
2. ಜಾಗ: ಕಟ್ಟೆ, ಬಂಡಿ ಕೆಳಗಿನ ನೆರಳು, ಬಾಗಿಲ ಹೊಸ್ತಿಲು.
3. ಕೈ: ಯಜಮಾನ ಯಾರನ್ನು ಮಾತಾಡಿಸಿದ, ಯಾರನ್ನು ಹೊಲಕ್ಕೆ ಕರೆದುಕೊಂಡು ಹೋದ ಅನ್ನುವುದು.
4. ಬೆದೆ: ಹೆಣ್ಣು ನಾಯಿ ಬೆದೆಗೆ ಬಂದ ಹೊತ್ತು. ಸಾಮಾನ್ಯವಾಗಿ ವರ್ಷಕ್ಕೆ ಎರಡು ಸಲ, ಒಂದೊಂದು ಸಲ ಸುಮಾರು ಮೂರು ವಾರ.

ಅಮೆರಿಕದ ಟಫ್ಟ್ಸ್ ವಿಶ್ವವಿದ್ಯಾಲಯದ ಪಶುವೈದ್ಯರು ಒಂದೇ ಮನೆಯಲ್ಲಿ ಕಚ್ಚಾಡುವ 38 ಜೋಡಿ ನಾಯಿಗಳ ಲೆಕ್ಕ ತೆಗೆದು 2011ರಲ್ಲಿ ಪ್ರಕಟಿಸಿದರು. ಅದರಲ್ಲಿ ನೂರಕ್ಕೆ 79 ಜೋಡಿ ಗಂಡು-ಗಂಡು ಇಲ್ಲವೇ ಹೆಣ್ಣು-ಹೆಣ್ಣು. ಜಗಳ ಹೊತ್ತಿಸುವ ಮುಖ್ಯ ಕಾರಣಗಳಲ್ಲಿ ಯಜಮಾನರ ಲಕ್ಷ್ಯ, ಊಟ ಮತ್ತು ಸಿಕ್ಕ ವಸ್ತು ಇದ್ದವು. ಆದ್ದರಿಂದ ಎರಡನೇ ನಾಯಿ ತರುವವರು ಒಂದು ಗಂಡು ಒಂದು ಹೆಣ್ಣು ತಂದರೆ ಅರ್ಧ ತ್ರಾಸು ಕಡಿಮೆ. ಹೆಣ್ಣಿಗೆ ಆಪರೇಶನ್ ಮಾಡಿಸಿದರೆ ಬೆದೆಯ ಜಗಳವೂ, ಊರ ನಾಯಿಗಳ ಹಿಂಡೂ ತಪ್ಪುತ್ತದೆ. ಆದರೆ ರೊಟ್ಟಿಗೆ ಬೀಳುವ ಜಗಳ ಆಪರೇಶನ್‌ನಿಂದ ನಿಲ್ಲೋದಿಲ್ಲ. ಅದಕ್ಕೆ ನಮ್ಮ ರೂಢಿಯೇ ಬದಲಾಗಬೇಕು.

ಮೊದಲ ಗುರುತು

ನಾಯಿ ಕಚ್ಚುವ ಮೊದಲು ಮೈಯಿಂದ ಮಾತಾಡುತ್ತದೆ. ನಡುವೆ ಬಂದು ಅಡ್ಡ ನಿಲ್ಲುತ್ತದೆ. ಮೈ ಕಟ್ಟಿಗೆಯಂತೆ ಬಿಗಿಯಾಗುತ್ತದೆ. ಬಾಯಿ ಮುಚ್ಚುತ್ತದೆ. ಬಾಲ ಮೇಲೆ ಎದ್ದು ಗಟ್ಟಿಯಾಗುತ್ತದೆ. ಕಣ್ಣು ಕಿತ್ತದೆ ಇನ್ನೊಂದನ್ನು ನೋಡುತ್ತದೆ. ಬೆನ್ನ ಕೂದಲು ನೆಟ್ಟಗಾಗುತ್ತದೆ. ಆಮೇಲೆ ಗುರುಗುಟ್ಟುವುದು, ತುಟಿ ಎತ್ತಿ ಹಲ್ಲು ತೋರಿಸುವುದು.

ಆಟದ ಜಗಳ ಬೇರೆ. ಅದರಲ್ಲಿ ಮುಂಗಾಲು ಚಾಚಿ ಹಿಂಭಾಗ ಎತ್ತಿ ಕರೆಯುತ್ತದೆ, ಮೈ ಸಡಿಲ ಇರುತ್ತದೆ, ಒಮ್ಮೆ ಇದು ಮೇಲೆ ಒಮ್ಮೆ ಅದು ಮೇಲೆ.

ಇಲ್ಲೊಂದು ಮುಖ್ಯ ಮಾತು. ಗುರ್ ಅಂದ ಕೂಡಲೇ ಬಡಿಗೆ ತಗೊಂಡು ಹೊಡೆಯುವ ರೂಢಿ ನಮ್ಮಲ್ಲಿ ಬಹಳ. ಗುರುಗುಟ್ಟುವುದು ಬಸ್ಸಿನ ಹಾರ್ನ್ ಇದ್ದಂಗ. ಹಾರ್ನ್ ಕಿತ್ತು ಹಾಕಿದರೆ ಬಸ್ಸು ನಿಲ್ಲೋದಿಲ್ಲ, ಸಪ್ಪಳ ಇಲ್ಲದೆ ಬಂದು ಹಾಯುತ್ತದೆ. ಹೊಡೆಸಿಕೊಂಡ ನಾಯಿ ಗುರುಗುಟ್ಟುವುದು ಬಿಡುತ್ತದೆ, ಕಿಚ್ಚು ಬಿಡುವುದಿಲ್ಲ. ಮುಂದೆ ಎಚ್ಚರಿಕೆ ಕೊಡದೆ ಕಚ್ಚುತ್ತದೆ. ಮೇಲಾಗಿ ‘ಆ ನಾಯಿ ಹತ್ತಿರ ಬಂದರೆ ನನಗ ಬಡತ ಬೀಳತೈತಿ’ ಅಂತ ಇನ್ನೊಂದರ ಮೇಲೆ ಹಗೆ ಹೆಚ್ಚುತ್ತದೆ. ಗುರ್ ಅಂದರೆ ಹೊಡೆಯಬೇಡಿ, ಎರಡನ್ನೂ ದೂರ ಮಾಡಿ, ಯಾವುದಕ್ಕೆ ಗುರ್ ಅಂತು ಅಂತ ನೋಡಿ.

ತುತ್ತಿನ ಲೆಕ್ಕ

ಎರಡು ಎತ್ತಿಗೆ ಒಂದೇ ಗೋದಲಿಯಲ್ಲಿ ಹಿಂಡಿ ಹಾಕಿದರೆ ಏನಾಗುತ್ತದೆ ಅಂತ ರೈತರಿಗೆ ಹೇಳಬೇಕಾಗಿಲ್ಲ. ಜೋರಿನದು ಕೋಡು ಬೀಸುತ್ತದೆ, ಪಾಪದ್ದು ಬಡಕಲಾಗುತ್ತದೆ. ಎತ್ತಿಗೆ ಮಾಡುವ ಉಪಾಯವನ್ನೇ ನಾಯಿಗೂ ಮಾಡಬೇಕು.

ಎರಡು ಬೇರೆ ಬೇರೆ ತಾಟು ಇಡಿ. ತಾಟಿನ ನಡುವೆ ನಾಲ್ಕೈದು ಮಾರು ಅಂತರ ಇರಲಿ. ಬಣವಿಯೋ ಗೋಡೆಯೋ ಮರೆ ಇದ್ದರೆ ಇನ್ನೂ ಛಲೋ. ಮೊದಲ ಕೆಲವು ದಿನ ಎರಡನ್ನೂ ಅದರದರ ಗೂಟಕ್ಕೆ ಕಟ್ಟಿಯೇ ಹಾಕಿ. ಹೊತ್ತು ಒಂದೇ ಇರಲಿ. ಉಂಡ ಮೇಲೆ ತಾಟು ಎತ್ತಿಡಿ, ಆಮೇಲೆ ಬಿಚ್ಚಿ. ಖಾಲಿ ತಾಟನ್ನು ನೆಕ್ಕಲು ಹೋಗಿಯೇ ಎಷ್ಟೋ ಜಗಳ ಬೀಳುತ್ತವೆ. ನಾವು ಉಣ್ಣುವಾಗ ನಡುವೆ ರೊಟ್ಟಿ ಚೂರು ಒಗೆಯುವುದು, ಎಲುಬು ಒಗೆಯುವುದು ಪೂರ್ತಿ ಬಂದ್.

ಇಬ್ಬರಿಗೂ ತೂಕ ಹಾಕಿದಂಗ ಸಮ ಕೊಡಬೇಕೇ ಅಂತ ಕೇಳಬಹುದು. ಇಲ್ಲ. ವಿಯೆನ್ನಾದವರು 2009ರಲ್ಲಿ ಪ್ರಕಟಿಸಿದ ಪರೀಕ್ಷೆ ಇದಕ್ಕೆ ಉತ್ತರ ಕೊಡುತ್ತದೆ. ಎರಡು ನಾಯಿಗೆ ‘ಕೈ ಕೊಡು’ ಅಂತ ಹೇಳಿ ಒಂದಕ್ಕೆ ಮಾತ್ರ ತಿನಿಸು ಕೊಟ್ಟರೆ, ಏನೂ ಸಿಗದ ನಾಯಿ ಬಲುಬೇಗ ಕೈ ಕೊಡುವುದನ್ನೇ ನಿಲ್ಲಿಸಿತು. ಆದರೆ ಒಂದಕ್ಕೆ ಮಾಂಸ, ಒಂದಕ್ಕೆ ಬ್ರೆಡ್ ಕೊಟ್ಟಾಗ ಬ್ರೆಡ್ ಸಿಕ್ಕದ್ದು ತಕರಾರು ಮಾಡಲಿಲ್ಲ. ಅಂದರೆ ಪಾಲು ಹೆಚ್ಚುಕಡಿಮೆ ಆದರೆ ನಡೆಯುತ್ತದೆ, ಒಂದರ ಬಾಯಿ ಬರಿದಿರಬಾರದು. ದೊಡ್ಡದಕ್ಕೆ ಎರಡು ರೊಟ್ಟಿ, ಸಣ್ಣದಕ್ಕೆ ಅರ್ಧ ರೊಟ್ಟಿ ಮಜ್ಜಿಗೆ, ಆದರೆ ಎರಡಕ್ಕೂ.

ಕೈಯ ಲೆಕ್ಕ

ಹೊಲದಿಂದ ಬಂದಾಗ ನಾಯಿ ಮೈಮೇಲೆ ಹಾರುತ್ತವೆ. ಆಗ ಒಂದನ್ನು ಸವರಿ ಇನ್ನೊಂದನ್ನು ‘ಹಚಾ’ ಅಂದರೆ ಅಲ್ಲೇ ಕಿಡಿ ಬಿತ್ತು ಅಂತ ತಿಳಿಯಿರಿ. ಬಂದ ಕೂಡಲೇ ಯಾವುದನ್ನೂ ಮುಟ್ಟಬೇಡಿ. ಕೈಕಾಲು ತೊಳೆದು, ನೀರು ಕುಡಿದು ಕೂಡ್ರಿ. ಅವು ತಣ್ಣಗಾದ ಮೇಲೆ ಹೆಸರು ಹಿಡಿದು ಒಂದೊಂದನ್ನೇ ಕರೆಯಿರಿ. ಕೂತ ನಾಯಿಗೆ ಕೈ, ದೂಡುವ ನಾಯಿಗೆ ಇಲ್ಲ.

ಒಂದನ್ನು ಸವರುವಾಗ ಇನ್ನೊಂದು ಮೂತಿ ತೂರಿಸಿದರೆ ಬೈಯಬೇಡಿ. ಬೈಗುಳವೂ ಅದಕ್ಕೆ ಲಕ್ಷ್ಯ ಕೊಟ್ಟಂತೆಯೇ. ಸುಮ್ಮನೆ ಕೈ ತೆಗೆದು ಎದ್ದು ನಡೆಯಿರಿ. ತೂರಿದರೆ ಇಬ್ಬರಿಗೂ ಕೈ ತಪ್ಪಿತು, ಕೂತು ಕಾಯ್ದರೆ ತನ್ನ ಪಾಳಿ ಬರುತ್ತದೆ. ಹೀಗೆ ಒಂದೇ ನಮೂನಿ ನಡೆದರೆ ಅದು ಕಲಿಯುತ್ತದೆ. ಆದರೆ ಮನೆಮಂದಿಯೆಲ್ಲ ಹಂಗೇ ಮಾಡಬೇಕು. ಯಜಮಾನ ಎದ್ದು ಹೋಗುವುದು, ಹುಡುಗರು ಕರೆದು ಮುದ್ದು ಮಾಡುವುದು ಆದರೆ ಪಾಠ ಹತ್ತೋದಿಲ್ಲ.

ಇದರ ಜೋಡಿ ಇನ್ನೊಂದು ಪಾಠ. ಕಿಚ್ಚಿನ ನಾಯಿಯನ್ನು ಕಟ್ಟಿ ನಾವು ಹತ್ತಿರ ಕೂಡುವುದು. ಮನೆಯವರೊಬ್ಬರು ಇನ್ನೊಂದು ನಾಯಿಯನ್ನು ದೂರದಲ್ಲಿ, ನಮ್ಮದು ನೋಡಿಯೂ ಗುರ್ ಅನ್ನದಷ್ಟು ದೂರದಲ್ಲಿ, ಹಿಡಿದು ತರಬೇಕು. ಅದು ಕಂಡ ಕೂಡಲೇ ನಮ್ಮದರ ಬಾಯಿಗೆ ರೊಟ್ಟಿ ಚೂರು. ಅದು ಮರೆಯಾದ ಕೂಡಲೇ ರೊಟ್ಟಿಯೂ ಬಂದ್. ದಿನಕ್ಕೆ ಹತ್ತು ನಿಮಿಷ ಸಾಕು. ಎರಡು-ಮೂರು ದಿನಕ್ಕೊಮ್ಮೆ ಒಂದೆರಡು ಮಾರು ಹತ್ತಿರ ತರಬೇಕು. ಗುರ್ ಅಂದರೆ ಅವಸರವಾಯಿತು ಅಂತ ಅರ್ಥ, ಮತ್ತೆ ಹಿಂದೆ ಸರಿಯಬೇಕು. ‘ಅದು ಬಂದರ ನನ್ನ ಪಾಲು ಹೋಗತೈತಿ’ ಅನ್ನುವುದು ಹೋಗಿ ‘ಅದು ಬಂದರ ನನಗ ಸಿಗತೈತಿ’ ಅನ್ನುವುದು ತಲೆಯಲ್ಲಿ ಕೂಡಬೇಕು. ಕಿಚ್ಚಿನ ಬೇರು ಕೀಳುವುದು ಇದೊಂದೇ, ಉಳಿದದ್ದೆಲ್ಲ ಮೇಲಿನ ಹುಲ್ಲು ಕೊಯ್ದಂತೆ.

ಹೊಸ ನಾಯಿ ತರುವಾಗ

ಈಗ ಮುಧೋಳ ನಾಯಿಯ ಮರಿ ತರುವವರು ಹೆಚ್ಚಾಗಿದ್ದಾರೆ. ಮುಧೋಳ ಹತ್ತಿರದ ತಿಮ್ಮಾಪುರದಲ್ಲಿ ಬೀದರದ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರವಿದೆ. 2005ರಲ್ಲಿ ಈ ತಳಿಯ ಅಂಚೆಚೀಟಿಯೂ ಬಂತು. ಮರಿ ಯಾವ ತಳಿಯದೇ ಆಗಲಿ, ತಂದು ನೇರವಾಗಿ ಹಳೆಯ ನಾಯಿಯ ಜಾಗದಲ್ಲಿ ಇಳಿಸಬಾರದು.

ಹೊಸ ಹೋರಿಯನ್ನು ಹಳೆಯ ಎತ್ತಿನ ಜೋಡಿ ಹೂಡುವಾಗ ಮೊದಲ ದಿನವೇ ಕುಂಟಿ ಕಟ್ಟುತ್ತೇವೆಯೇ? ಬರೇ ನೊಗ ಹಾಕಿ ಜೊತೆಗೆ ನಡೆಸುತ್ತೇವೆ. ಅದೇ ರೀತಿ. ಮನೆಯೂ ಅಲ್ಲ ಹೊಲವೂ ಅಲ್ಲ ಅನ್ನುವ ಜಾಗ, ಬಂಡಿ ದಾರಿಯೋ ಕೆರೆ ದಂಡೆಯೋ ಆಗಬೇಕು. ಒಬ್ಬೊಬ್ಬರು ಒಂದೊಂದು ನಾಯಿ ಹಿಡಿದು, ಹತ್ತು ಮಾರು ಅಂತರದಲ್ಲಿ ಒಂದೇ ದಿಕ್ಕಿಗೆ ನಡೆಯಬೇಕು. ಎದುರುಬದುರು ತರಬಾರದು. ನಡೆಯುತ್ತ ನಡೆಯುತ್ತ ಅಂತರ ಕಡಿಮೆ ಮಾಡುವುದು. ಹಗ್ಗ ಸಡಿಲ ಇರಲಿ. ಹಗ್ಗ ಬಿಗಿ ಹಿಡಿದರೆ ನಾಯಿಗೂ ಬಿಗಿ ಬರುತ್ತದೆ.

ಮನೆಗೆ ಬಂದ ಮೇಲೂ ಕನಿಷ್ಠ ಹದಿನೈದು ದಿನ ರಾತ್ರಿ ಬೇರೆ ಬೇರೆ ಇರಲಿ. ನಾವು ಎದುರಿಗಿಲ್ಲದಾಗ ಎರಡನ್ನೂ ಕೂಡಿ ಬಿಡಬಾರದು. ಮರಿಯನ್ನು ದೊಡ್ಡ ನಾಯಿ ಒಮ್ಮೆ ಕತ್ತು ಹಿಡಿದು ಒದರಿದರೆ ಮುಗಿಯಿತು. ಹಳೆಯ ನಾಯಿಯ ಜಾಗ, ತಾಟು, ಹೊಲಕ್ಕೆ ಹೋಗುವ ಹೊತ್ತು ಯಾವುದೂ ಬದಲಾಗಬಾರದು. ನಾವು ಹಳೆಯ ಗಂಡು ನಾಯಿ ಇದ್ದಾಗಲೇ ಹೆಣ್ಣು ಮರಿ ತಂದು ಹೀಗೆ ಮಾಡಿದೆವು. ಇಪ್ಪತ್ತೆರಡನೇ ದಿನಕ್ಕೆ ಎರಡೂ ಒಂದೇ ಬಂಡಿ ಕೆಳಗೆ ಮಲಗಿದವು.

ಕುರಿಗಾರರ ನಾಯಿ ಬಂದಾಗ

ಹಿಂಗಾರಿ ಪೀಕು ಬಂದ ಮೇಲೆ ಕುರಿ ನಿಲ್ಲಿಸುವುದು ನಮ್ಮ ಕಡೆ ಹಳೆಯ ಪದ್ಧತಿ. ರಾತ್ರಿ ಹೊಲದಾಗ ಕುರಿ ಮಲಗಿದರೆ ಹಿಕ್ಕಿ, ಉಚ್ಚಿ ಎರಡೂ ಭೂಮಿಗೆ. ತಿಪ್ಪೆಗೊಬ್ಬರ ಸಾಲದ ರೈತನಿಗೆ ಇದು ದೊಡ್ಡ ಆಸರೆ. ಆದರೆ ಕುರಿಯ ಜೋಡಿ ಎರಡು-ಮೂರು ನಾಯಿ ಬರುತ್ತವೆ. ತೋಳದ ಜೋಡಿ ಸೆಣಸುವ ನಾಯಿಗಳು. ಕೆಲವಕ್ಕೆ ಕೊರಳಿಗೆ ಕಬ್ಬಿಣದ ಮುಳ್ಳಿನ ಪಟ್ಟಿಯೂ ಇರುತ್ತದೆ. ನಮ್ಮ ನಾಯಿ ‘ಇದು ನನ್ನ ಹೊಲ’ ಅಂತ ಮೇಲೆ ಬೀಳುತ್ತದೆ. ನಾಯಿ ಸತ್ತ ಜಗಳದಲ್ಲಿ ಕುರಿಗಾರರೂ ರೈತರೂ ಮಾತು ಬಿಟ್ಟದ್ದುಂಟು. ನಾಯಿ ಹೋಯಿತು, ಮುಂದಿನ ವರ್ಷದ ಗೊಬ್ಬರವೂ ಹೋಯಿತು.

ಕುರಿ ಬರುವ ದಿನ ಮೊದಲೇ ಕೇಳಿಕೊಂಡು ನಮ್ಮ ನಾಯಿಯನ್ನು ಮನೆಯಲ್ಲಿ ಕಟ್ಟಿರಿ. ಹಿಂಡು ಇಳಿದು, ಬಲೆ ಹಾಕಿ, ಅವರ ನಾಯಿಗಳು ತಣ್ಣಗಾದ ಮೇಲೆ ಹಗ್ಗ ಹಾಕಿಯೇ ಹೊಲದ ಅಂಚಿಗೆ ಕರೆತನ್ನಿ, ದೂರದಿಂದ ತೋರಿಸಿ, ರೊಟ್ಟಿ ಚೂರು ಕೊಟ್ಟು ತಿರುಗಿ ಹೋಗಿ. ನಮ್ಮ ನಾಯಿಯ ಎದುರಿಗೆ ಅವರ ನಾಯಿಗೆ ಕೈಯಾರೆ ರೊಟ್ಟಿ ಹಾಕಬೇಡಿ. ಕೊಡುವುದಿದ್ದರೆ ಕುರಿಗಾರರ ಕೈಗೆ ಕೊಡಿ, ಅವರು ಹಾಕಿಕೊಳ್ಳುತ್ತಾರೆ. ಕುರಿ ಇರುವಷ್ಟು ರಾತ್ರಿ ಹೊಲ ಕಾಯಲು ಅವರ ನಾಯಿ ಇವೆ. ನಮ್ಮದಕ್ಕೆ ನಾಲ್ಕು ದಿನ ರಜೆ ಕೊಟ್ಟರೆ ನಷ್ಟವಿಲ್ಲ.

ಜಗಳ ಬಿದ್ದೇ ಬಿಟ್ಟರೆ

ಕೈ ಹಾಕಬೇಡಿ. ಕಚ್ಚಾಟದಲ್ಲಿರುವ ನಾಯಿಗೆ ಯಜಮಾನನ ಕೈ ಯಾವುದು, ಹಗೆಯ ಕಾಲು ಯಾವುದು ತಿಳಿಯೋದಿಲ್ಲ. ಹುಡುಗರನ್ನು ದೂರ ಕಳಿಸಿ. ಕೊಡ ನೀರು ಮುಖಕ್ಕೆ ಸುರಿಯಿರಿ. ಡಬ್ಬಿ ಬಡಿದು ದೊಡ್ಡ ಸಪ್ಪಳ ಮಾಡಿ. ಕಂಬಳಿಯನ್ನೋ ಗೋಣಿಚೀಲವನ್ನೋ ತಲೆ ಮೇಲೆ ಒಗೆಯಿರಿ. ಹಲಗೆ ಇದ್ದರೆ ನಡುವೆ ತೂರಿಸಿ. ಬಿಟ್ಟ ಮೇಲೆ ಎರಡನ್ನೂ ಒಂದನ್ನೊಂದು ಕಾಣದಂತೆ ಕಟ್ಟಿ. ಅವತ್ತೇ ರಾಜಿ ಮಾಡಿಸಲು ಹೋಗಬೇಡಿ. ಹೊರಗೆ ಸಣ್ಣ ತೂತು ಕಂಡರೂ ಒಳಗೆ ಆಳ ಇರುತ್ತದೆ, ಪಶುವೈದ್ಯರಿಗೆ ತೋರಿಸಿ.

ಮನುಷ್ಯರಿಗೆ ಹಲ್ಲು ತಾಗಿದರೆ, ಮನೆಯ ನಾಯಿಯೇ ಆಗಲಿ, ಗಾಯವನ್ನು ಹರಿಯುವ ನೀರಿನಲ್ಲಿ ಸಾಬೂನು ಹಚ್ಚಿ 15 ನಿಮಿಷ ತೊಳೆಯಬೇಕು. ಸುಣ್ಣ, ಖಾರಪುಡಿ, ಅರಿಷಿಣ ಮೆತ್ತಬಾರದು. ಅವತ್ತೇ ಸರ್ಕಾರಿ ದವಾಖಾನೆಗೆ ಹೋಗಿ ಸೂಜಿ ಶುರು ಮಾಡಿಸಿ, ಡಾಕ್ಟರು ಹೇಳಿದ ಎಲ್ಲ ದಿನವೂ ತಪ್ಪದೆ ಹಾಕಿಸಿಕೊಳ್ಳಬೇಕು. ಹುಚ್ಚುನಾಯಿ ರೋಗ ಮೈಯಲ್ಲಿ ಎದ್ದ ಮೇಲೆ ಬದುಕುವುದು ಇಲ್ಲವೇ ಇಲ್ಲ ಅನ್ನುವಷ್ಟು ಅಪರೂಪ. ನಾಯಿಗೂ ಮೂರು ತಿಂಗಳಿಗೆ ಸೂಜಿ ಶುರು ಮಾಡಿಸಿ, ಆಮೇಲೆ ವೈದ್ಯರು ಹೇಳಿದ ಲೆಕ್ಕದಲ್ಲಿ ಮತ್ತೆ ಮತ್ತೆ ಹಾಕಿಸಬೇಕು.

ಕಿಚ್ಚಲ್ಲದ್ದನ್ನು ಕಿಚ್ಚು ಅನ್ನಬೇಡಿ

ವರ್ಷಗಟ್ಟಲೆ ಜೋಡಿ ಇದ್ದ ನಾಯಿ ಒಮ್ಮೆಲೇ ಕಚ್ಚತೊಡಗಿದರೆ ಅದು ಹೊಟ್ಟೆಕಿಚ್ಚಲ್ಲ. ಮುದಿ ನಾಯಿಗೆ ಕೀಲು ನೋವು, ಕಿವಿ ಸೋರುವುದು, ಕಣ್ಣು ಮಂಜಾಗುವುದು, ಗಾಯದಲ್ಲಿ ಹುಳ ಬೀಳುವುದು ಇಂಥಾ ಕಾರಣ ಇರಬಹುದು. ನೋವಿದ್ದವರಿಗೆ ಸಿಟ್ಟು ಜಾಸ್ತಿ, ನಾಯಿಗೂ ಅಷ್ಟೇ. ಮರಿ ಹಾಕಿದ ತಾಯಿ ಗುರ್ ಅನ್ನುವುದೂ ಸಹಜ, ಅದರ ಹತ್ತಿರ ಇನ್ನೊಂದನ್ನು ಬಿಡಬಾರದು.

ನಾಯಿ ಕಂಡದ್ದಕ್ಕೆಲ್ಲ ಬಾಯಿ ಹಾಕುವುದು, ಜೊಲ್ಲು ಸುರಿಸುವುದು, ಧ್ವನಿ ಬದಲಾಗುವುದು, ಹಿಂಗಾಲು ಎಳೆಯುವುದು, ಮೇವು-ನೀರು ಬಿಡುವುದು ಕಂಡರೆ ಹತ್ತಿರ ಹೋಗಲೇಬೇಡಿ. ಪಶು ಆಸ್ಪತ್ರೆಗೆ ಸುದ್ದಿ ಮುಟ್ಟಿಸಿ. ಅದನ್ನು ‘ಹೊಸ ಮರಿ ತಂದದ್ದಕ್ಕ ಸಿಟ್ಟು ಮಾಡೈತಿ’ ಅಂತ ಹಗುರ ಮಾಡಿದರೆ ಮನೆಮಂದಿಯ ಜೀವಕ್ಕೇ ಬರುತ್ತದೆ.

ಎಷ್ಟು ದಿನ ಬೇಕು?

ಮರಿ ಇದ್ದರೆ ಮೂರು-ನಾಲ್ಕು ವಾರ. ದೊಡ್ಡ ನಾಯಿಗಳು ಒಮ್ಮೆ ರಕ್ತ ಬರುವಂತೆ ಕಚ್ಚಾಡಿದ್ದರೆ ಎರಡು-ಮೂರು ತಿಂಗಳು. ಕೆಲವು ಜೋಡಿ ಎಷ್ಟು ಮಾಡಿದರೂ ಹೊಂದುವುದಿಲ್ಲ. ಆಗ ಹಟ ಬೇಡ. ಒಂದು ಹೊಲಕ್ಕೆ, ಒಂದು ಮನೆಗೆ ಅಂತ ಬೇರೆ ಮಾಡಿ, ಇಲ್ಲವೇ ನಂಬಿಕೆಯ ರೈತರಿಗೆ ಒಂದನ್ನು ಕೊಡಿ. ದೂರ ಒಯ್ದು ದಾರಿಯಲ್ಲಿ ಬಿಟ್ಟು ಬರುವುದು ಮಾತ್ರ ಬೇಡ. ಹಂಗ ಬಿಟ್ಟ ನಾಯಿ ಇನ್ನೊಬ್ಬರ ಕುರಿಮರಿಗೆ, ಮಕ್ಕಳಿಗೆ ಕುತ್ತಾಗುತ್ತದೆ.

ಇದಕ್ಕೆಲ್ಲ ಖರ್ಚು ಏನು? ಎರಡು ಗೂಟ, ಎರಡು ತಾಟು, ಒಂದು ಹಗ್ಗ, ದಿನಕ್ಕೆ ಅರ್ಧ ರೊಟ್ಟಿ. ಬಡಿಗೆಯ ಕೆಲಸ ಎಲ್ಲಿಯೂ ಇಲ್ಲ. ಈ ಸಲ ಶೇಂಗಾ ಹೂ ಬಿಡುವ ಮೊದಲೇ ಶುರು ಮಾಡಿರಿ. ಹಂದಿ ಬರುವ ಹೊತ್ತಿಗೆ ಎರಡೂ ನಾಯಿ ಒಂದೇ ಕಡೆ ಮುಖ ಮಾಡಿ ಬೊಗಳಬೇಕು. ಬೇರೆ ಉಪಾಯ ಮಾಡಿ ಫಲ ಕಂಡವರಿದ್ದರೆ ಅವರೂ ಬರೆಯಲಿ, ನಮಗೂ ತಿಳಿಯಲಿ.